ಒಂದೇ ಉಗ್ರಾಣಕ್ಕೆ ಇಬ್ಬರು ಉಗ್ರಾಣಿಗಳು: ಹಂಚಿಕೆಯ ಡಿಸ್ಕಿನ ದೋಷನಿದಾನ

ಸಂಪಾದಕ ಮಂಡಲಿಯವರು ಈ ಸಂಚಿಕೆಗೆ ಲೇಖನವೊಂದನ್ನು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಬರೆಹವೆಂಬುದು ನನಗೆ ತಿಳಿಯದೆ ಇಲ್ಲ. ಕನ್ನಡ ಪಂಡಿತನೊಬ್ಬನು ಗಣಕಯಂತ್ರದ ಡಿಸ್ಕನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ವಿನೋದವಾಗಿಯೂ ಮತ್ತೆ ಕೆಲವರಿಗೆ ಅನಧಿಕಾರ ಚರ್ಚೆಯಾಗಿಯೂ ತೋರಬಹುದು. ಆದರೆ ನಮ್ಮ ಶಾಲೆಯ ಗಣಕ ಕೊಠಡಿಯಲ್ಲಿ 2022ರ ಮಳೆಗಾಲದಲ್ಲಿ ಸಂಭವಿಸಿದ ಪ್ರಮಾದವೊಂದರಲ್ಲಿ ನನ್ನ ಪಾಲು ಸಣ್ಣದಲ್ಲ. ಆ ಕೊಠಡಿಯ ಯಂತ್ರಗಳೆಲ್ಲವೂ ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಔದಾರ್ಯದಿಂದ ಬಂದಂಥವು. ಆದಕಾರಣ ನಡೆದುದನ್ನು ಮುಚ್ಚಿಡದೆ ಹೇಳಿ, ಅದರಿಂದ ನಾನು ತಿಳಿದುಕೊಂಡ ಶಾಸ್ತ್ರವನ್ನು ಇತರ ಶಾಲೆಗಳ ಅಧ್ಯಾಪಕರಿಗೂ ಉಪಯೋಗವಾಗುವಂತೆ ನಿರೂಪಿಸುವುದು ಕರ್ತವ್ಯವೆಂದು ಭಾವಿಸಿ ಲೇಖನಿಯನ್ನು ಹಿಡಿದಿದ್ದೇನೆ.

ಮೊದಲು ಸಂದರ್ಭವನ್ನು ಹೇಳಬೇಕು. ನಮ್ಮಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾಗಿದ್ದ ಹಿರಿಯ ಪಂಡಿತರೊಬ್ಬರು ಒಳ್ಳೆಯ ಗಮಕಿಗಳೂ ಆಗಿದ್ದರು. ಅವರಿಂದ ಜೈಮಿನಿ ಭಾರತದ 34 ಸಂಧಿಗಳನ್ನೂ ಓದಿಸಿ ಧ್ವನಿಮುದ್ರಿಸಿ ಇಟ್ಟಿದ್ದೆವು. ಸಂಧಿಗೊಂದರಂತೆ 34 ಕಡತಗಳು. ಅವರು 2021ರಲ್ಲಿ ದೈವಾಧೀನರಾದರು. ಶಾಲೆಯ ದಾಖಲಾತಿ ಪುಸ್ತಕಗಳ ಚಿತ್ರಗಳು, ಹಿಂದಿನ ವಾರ್ಷಿಕ ಸಂಚಿಕೆಗಳು, ಅಂಕಪಟ್ಟಿಗಳು ಮೊದಲಾದವುಗಳೊಡನೆ ಈ ಕಡತಗಳೂ ಒಂದೇ ಸಂಗ್ರಹ ಪೆಟ್ಟಿಗೆಯ ಡಿಸ್ಕುಗಳಲ್ಲಿದ್ದವು. ಕಾಗದದ ದಾಖಲೆ ಹೋದರೆ ಮತ್ತೊಂದು ಕಡೆ ಹುಡುಕಬಹುದು. ಹೋದವರ ಕಂಠವನ್ನು ಎಲ್ಲಿ ಹುಡುಕುವುದು?

ಇನ್ನು ವಿಷಯಕ್ಕೆ ಬರುತ್ತೇನೆ. ಒಂದು ಬಲವಾದ ಗಣಕಯಂತ್ರದೊಳಗೆ ತಂತ್ರಾಂಶದ ಬಲದಿಂದ ಹಲವು ಯಂತ್ರಗಳಿರುವಂತೆ ತೋರಿಸಬಹುದು. ಪ್ರತಿಯೊಂದಕ್ಕೂ ತನಗೇ ಬೇರೆ ಸ್ಮೃತಿಯೂ ಬೇರೆ ಡಿಸ್ಕೂ ಇದೆಯೆಂಬ ಭಾವನೆ; ವಾಸ್ತವವಾಗಿ ಎಲ್ಲಕ್ಕೂ ಆಧಾರ ಕೆಳಗಿರುವ ಒಂದೇ ಕಬ್ಬಿಣದ ಪೆಟ್ಟಿಗೆ. ಇವಕ್ಕೆ ವರ್ಚುಯಲ್ ಮೆಷಿನ್ ಎಂದು ಹೆಸರು. ಹಗ್ಗದ ಮೇಲೆ ಹಾವನ್ನು ಆರೋಪಿಸುವ ವೇದಾಂತಿಗಳ ದೃಷ್ಟಾಂತವನ್ನು ನೆನೆದು ನಾನು ಇದನ್ನು ‘ಆರೋಪಿತ ಯಂತ್ರ’ ಎಂದು ಕರೆದು ನೋಡಿದೆ. ಹುಡುಗರ ಬಾಯಲ್ಲಿ ಅದು ನಿಲ್ಲಲಿಲ್ಲ; ಅವರಿಗೆ ಅದು ವಿ.ಎಂ. ಯೋಗಾರ್ಥಕ್ಕಿಂತ ರೂಢಿಗೆ ಬಲವೆಂಬುದನ್ನು ಒಪ್ಪಿ ನಾನೂ ಇಲ್ಲಿ ವಿ.ಎಂ. ಎಂದೇ ಬರೆಯುತ್ತೇನೆ. ವಿ.ಎಂ.ಗಳಿಗೆ ಮನೆಯಾಗಿರುವ ನಿಜವಾದ ಯಂತ್ರಕ್ಕೆ ಆತಿಥೇಯ ಯಂತ್ರವೆಂದು ಹೆಸರಿಡೋಣ.

ಈ ವಿದ್ಯೆ ನಿನ್ನೆ ಮೊನ್ನೆಯದೆಂದು ತಿಳಿಯಬಾರದು. ಐ.ಬಿ.ಎಂ. ಸಂಸ್ಥೆಯವರು ವಿ.ಎಂ./370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿದುದು 1972ರಲ್ಲಿ. ಒಂದು ದೊಡ್ಡ ಡಿಸ್ಕನ್ನು ತುಂಡುತುಂಡಾಗಿ ಭಾಗಿಸಿ ಒಬ್ಬೊಬ್ಬರಿಗೆ ಒಂದೊಂದು ‘ಕಿರುಡಿಸ್ಕ’ನ್ನು ಕೊಡುವುದು, ಒಬ್ಬರ ಕಿರುಡಿಸ್ಕನ್ನು ಇನ್ನೊಬ್ಬರು ಓದಲು ಮಾತ್ರ ಪಡೆಯುವುದು, ಅಥವಾ ಬರೆಯಲೂ ಪಡೆಯುವುದು, ಇವೆಲ್ಲ ಆಗಲೇ ಇದ್ದವು. ಇಬ್ಬರೂ ಏಕಕಾಲದಲ್ಲಿ ಬರೆಯುವ ಅನುಮತಿಯೂ ಅದರಲ್ಲಿತ್ತು. ಆ ಅನುಮತಿಯನ್ನು ಎಚ್ಚರದಿಂದ ಬಳಸದಿದ್ದರೆ ಡಿಸ್ಕಿನ ಒಳಗಿನದು ಹಾಳಾದೀತೆಂಬ ಸೂಚನೆಯೂ ಜೊತೆಗಿತ್ತು. ಐವತ್ತು ವರ್ಷಗಳಿಂದ ಹೇಳಿಕೊಂಡು ಬಂದಿರುವ ಮಾತನ್ನು ನಾವು ಕೇಳಿಸಿಕೊಂಡಿರಲಿಲ್ಲ, ಅಷ್ಟೆ.

ಇದು ನಮಗೇನು ಸಂಬಂಧವೆಂದು ಹಳ್ಳಿಯಿಂದ ಬಂದ ಪೋಷಕರೊಬ್ಬರು ಕೇಳಿದ್ದುಂಟು. ಪಾಂಡವಪುರದಲ್ಲಾಗಲಿ ಕೆ.ಆರ್. ಪೇಟೆಯಲ್ಲಾಗಲಿ ನಾಗಮಂಗಲದಲ್ಲಾಗಲಿ ರೈತನು ಇಂದು ಪಡೆಯುವ ಪಹಣಿ ಶಾನುಭೋಗರ ಕಾಲದ ಕೈಬರೆಹದ ಪುಸ್ತಕದ ನಕಲಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಪಹಣಿಗಳೆಲ್ಲ ಗಣಕಕ್ಕೆ ಏರಿದ ಮೇಲೆ ಜಮೀನಿನ ಹೆಸರು, ವಿಸ್ತೀರ್ಣ, ಋಣ ಎಲ್ಲವೂ ಇರುವುದು ಡಿಸ್ಕುಗಳಲ್ಲಿಯೇ. ಆದ್ದರಿಂದ ಡಿಸ್ಕಿನ ವಿಚಾರ ಯಾರಿಗೂ ಪರವಿಚಾರವಲ್ಲವೆಂದು ಅವರಿಗೆ ಹೇಳಿದೆ.

ಹಂಚಿಕೆಯ ಡಿಸ್ಕೆಂದರೇನು? ಇಲ್ಲಿ ಎರಡು ಬೇರೆ ಬೇರೆ ಅರ್ಥಗಳಿವೆ. ಅವನ್ನು ಬೆರಸಿಕೊಂಡುದೇ ನಮ್ಮ ಪ್ರಮಾದದ ಬೀಜವಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲನೆಯ ಅರ್ಥ ಹೀಗೆ: ಎರಡು ಮೂರು ಆತಿಥೇಯ ಯಂತ್ರಗಳಿವೆ, ಅವೆಲ್ಲಕ್ಕೂ ಸಮಾನವಾಗಿ ಒಂದು ಸಂಗ್ರಹ ಪೆಟ್ಟಿಗೆಯಿದೆ. ಒಂದೊಂದು ವಿ.ಎಂ.ನ ಡಿಸ್ಕೂ ಆ ಪೆಟ್ಟಿಗೆಯಲ್ಲಿ ಒಂದೊಂದು ಕಡತವಾಗಿ ಕುಳಿತಿದೆ. ಯಾವುದಾದರೊಂದು ಆತಿಥೇಯ ಯಂತ್ರ ಕೆಟ್ಟರೆ ಅದರ ಮೇಲಿದ್ದ ವಿ.ಎಂ.ಗಳನ್ನು ಪಕ್ಕದ ಯಂತ್ರದ ಮೇಲೆ ಎಬ್ಬಿಸಬಹುದು, ಏಕೆಂದರೆ ಸಾಮಗ್ರಿಯೆಲ್ಲ ಹೊರಗಿನ ಉಗ್ರಾಣದಲ್ಲಿ ಭದ್ರವಾಗಿದೆ. ಇಲ್ಲಿ ಹಂಚಿಕೊಂಡಿರುವುದು ಉಗ್ರಾಣವನ್ನು. ಒಂದೊಂದು ಮೂಟೆಗೂ ಒಬ್ಬನೇ ಒಡೆಯ. ಇದು ಒಳ್ಳೆಯ ವ್ಯವಸ್ಥೆ. ಎರಡನೆಯ ಅರ್ಥ ಬೇರೆ: ಒಂದೇ ಡಿಸ್ಕನ್ನು ಎರಡು ವಿ.ಎಂ.ಗಳು ಏಕಕಾಲದಲ್ಲಿ ತಮ್ಮದೆಂದು ಹಿಡಿದುಕೊಂಡಿರುವುದು. ಇಲ್ಲಿ ಹಂಚಿಕೊಂಡಿರುವುದು ಮೂಟೆಯನ್ನೇ. ಇದೂ ಸಾಧ್ಯವೇ, ಆದರೆ ಇಬ್ಬರ ನಡುವೆ ಕಟ್ಟುನಿಟ್ಟಾದ ಒಪ್ಪಂದವಿಲ್ಲದೆ ಇದನ್ನು ಮಾಡಲಾಗದು.

ಏಕೆ ಮಾಡಲಾಗದು? ದಾಸೋಹದ ಉಗ್ರಾಣವೊಂದನ್ನು ಊಹಿಸಿಕೊಳ್ಳಿ. ಯಾವ ಗೂಡಿನಲ್ಲಿ ಅಕ್ಕಿಯಿದೆ, ಯಾವುದರಲ್ಲಿ ಬೇಳೆ, ಯಾವ ಗೂಡು ಖಾಲಿ ಎಂಬುದನ್ನು ಬರೆದ ಪುಸ್ತಕ ಬಾಗಿಲ ಬಳಿ ಇದೆ. ಉಗ್ರಾಣಿ ಒಬ್ಬನೇ ಇದ್ದರೆ ಅವನು ಬೆಳಗ್ಗೆ ಒಮ್ಮೆ ಪುಸ್ತಕವನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡು ದಿನವೆಲ್ಲ ಆ ನೆನಪಿನಿಂದಲೇ ಕೆಲಸ ಮಾಡಿ ಸಂಜೆ ಪುಸ್ತಕವನ್ನು ತಿದ್ದುತ್ತಾನೆ. ಪ್ರತಿ ಸೇರಿಗೂ ಬಾಗಿಲಿಗೆ ಓಡುವುದಕ್ಕಿಂತ ಇದು ಬೇಗದ ಕ್ರಮ. ಈಗ ಅದೇ ಉಗ್ರಾಣಕ್ಕೆ ಇನ್ನೊಬ್ಬ ಉಗ್ರಾಣಿ ಹಿಂಬಾಗಿಲಿನಿಂದ ಬಂದು ಅವನೂ ಬೆಳಗ್ಗೆ ಪುಸ್ತಕವನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡರೆ? ಹದಿನಾಲ್ಕನೆಯ ಗೂಡು ಖಾಲಿ ಎಂದು ಇಬ್ಬರಿಗೂ ನೆನಪು. ಮೊದಲನೆಯವನು ಅಲ್ಲಿ ಬೇಳೆಯನ್ನು ಸುರಿಯುತ್ತಾನೆ. ಎರಡನೆಯವನು ಕಣ್ಣೆತ್ತಿ ನೋಡದೆ, ತನ್ನ ನೆನಪನ್ನೇ ನಂಬಿ, ಅದರ ಮೇಲೆ ಬೆಲ್ಲವನ್ನು ಸುರಿಯುತ್ತಾನೆ. ಸಂಜೆ ಇಬ್ಬರೂ ಪುಸ್ತಕವನ್ನು ತಿದ್ದುತ್ತಾರೆ. ಕಡೆಗೆ ತಿದ್ದಿದವನ ಲೆಕ್ಕ ಉಳಿಯುತ್ತದೆ.

ಡಿಸ್ಕಿನಲ್ಲಿಯೂ ಯಥಾವತ್ತಾಗಿ ಇದೇ ನಡೆಯುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4, ವಿಂಡೋಸಿನ ಎನ್‌ಟಿಎಫ್‌ಎಸ್ ಮೊದಲಾದ ಕಡತವ್ಯವಸ್ಥೆಗಳು ತಮ್ಮ ಸೂಚಿಯನ್ನು ಯಂತ್ರದ ಸ್ಮೃತಿಯಲ್ಲಿ ತಂದಿಟ್ಟುಕೊಂಡು ಅದನ್ನೇ ನಂಬಿ ನಡೆಯುವಂಥವು. ಡಿಸ್ಕಿಗೆ ತಾನೊಬ್ಬನೇ ಒಡೆಯನೆಂಬುದು ಅವುಗಳ ಮೂಲಸಿದ್ಧಾಂತ. ಇನ್ನೊಬ್ಬನಿದ್ದಾನೆಂಬ ಶಂಕೆಗೇ ಅಲ್ಲಿ ಎಡೆಯಿಲ್ಲ. ಎಕ್ಸ್ಟ್4ರಲ್ಲಿ ಒಂದು ಕಾವಲುಂಟು: ಡಿಸ್ಕು ಬೇರೆ ಯಂತ್ರದ ಕೈಯಲ್ಲಿದೆಯೇ ಎಂದು ಮೊದಲು ಪರೀಕ್ಷಿಸಿ, ಇದ್ದರೆ ತೆರೆಯಲು ನಿರಾಕರಿಸುವ ಎಂಎಂಪಿ ಎಂಬ ಏರ್ಪಾಡು. ಆದರೆ ಅದನ್ನು ನಾವಾಗಿ ಕೇಳಿ ಹಾಕಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ನಾವು ಕೇಳಿರಲಿಲ್ಲ.

ನಮ್ಮಲ್ಲಿ ನಡೆದುದು ಇಷ್ಟು. ಧ್ವನಿಮುದ್ರಣಗಳಿದ್ದ ಡಿಸ್ಕು ಗ್ರಂಥಾಲಯದ ವಿ.ಎಂ.ಗೆ ಸೇರಿತ್ತು. ತರಗತಿಗಳಿಗೆ ಪಾಠವನ್ನು ಕೇಳಿಸುವ ವಿ.ಎಂ. ಬೇರೊಂದು. ಎರಡರಲ್ಲಿಯೂ ಅವು ಕಾಣುವಂತಾದರೆ ಮಕ್ಕಳಿಗೆ ಗಮಕವನ್ನು ಕೇಳಿಸುವುದು ಸುಲಭವಾಗುತ್ತದೆಂದು ಒತ್ತಾಯ ಮಾಡಿದವನು ನಾನೇ. ಗಣಕ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದ ತರುಣನು ಸಂಗ್ರಹ ಪೆಟ್ಟಿಗೆಯ ಅನುಮತಿ ಪಟ್ಟಿಯಲ್ಲಿ ಎರಡನೆಯ ವಿ.ಎಂ.ನ ಹೆಸರನ್ನೂ ಸೇರಿಸಿದನು. ಒಂದಕ್ಕಿಂತ ಹೆಚ್ಚು ಯಂತ್ರಗಳಿಗೆ ಅವಕಾಶ ಕೊಟ್ಟರೆ ದತ್ತಾಂಶ ಕೆಡಬಹುದೆಂಬ ಎಚ್ಚರಿಕೆ ಪರದೆಯ ಮೇಲೆ ಬಂದಿತಂತೆ. ಆ ವಾಕ್ಯ ಇಂಗ್ಲಿಷಿನಲ್ಲಿತ್ತು, ಹಿಂದೆಯೇ ‘ಸರಿ’ ಎಂಬ ಗುಂಡಿಯಿತ್ತು, ಅದನ್ನು ಒತ್ತಿದ್ದಾಯಿತು. ಒಂದು ವಾರಕ್ಕೂ ಮಿಕ್ಕು ಎಲ್ಲವೂ ಚೆನ್ನಾಗಿಯೇ ನಡೆಯಿತು. ಈ ದೋಷದ ಕುಟಿಲತೆ ಅಲ್ಲಿಯೇ ಇದೆ: ತಪ್ಪು ಮಾಡಿದ ದಿನ ಯಾವ ಕೇಡೂ ಕಾಣುವುದಿಲ್ಲ.

ಬಳಿಕ ಚಿಕ್ಕ ಚಿಕ್ಕ ಅಪಶಕುನಗಳು ತೋರಿದವು. ಗ್ರಂಥಾಲಯದಲ್ಲಿ ಹೊಸದಾಗಿ ಸೇರಿಸಿದ ಕಡತ ತರಗತಿಯ ಕಡೆ ಕಾಣಲಿಲ್ಲ. ಅಲ್ಲಿ ಅಳಿಸಿದುದು ಇಲ್ಲಿ ಉಳಿದಿತ್ತು. ಒಂದು ಬೆಳಗ್ಗೆ ಒಂಬತ್ತನೆಯ ಸಂಧಿಯನ್ನು ತೆರೆದರೆ ಮೊದಲೆರಡು ಪದ್ಯಗಳಾದ ಮೇಲೆ ಕಂಠವು ಕಡಿದು ಬರಿಯ ಗೊರಗೊರ ಶಬ್ದ ಕೇಳಿತು. ಅಷ್ಟು ಹೊತ್ತಿಗೆ ಗ್ರಂಥಾಲಯದ ವಿ.ಎಂ. ಆ ಡಿಸ್ಕನ್ನು ತಾನೇ ‘ಓದಲು ಮಾತ್ರ’ ಎಂಬ ಸ್ಥಿತಿಗೆ ಇಳಿಸಿಕೊಂಡಿತ್ತು. ಸೂಚಿಯಲ್ಲಿ ಅಸಂಬದ್ಧತೆ ಕಂಡಾಗ ಬರೆಯುವುದನ್ನು ನಿಲ್ಲಿಸಿಬಿಡುವುದು ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಟ್ಟಿರುವ ಏರ್ಪಾಡು. ಅದು ಯಂತ್ರದ ಹಟವಲ್ಲ, ಕೂಗು.

ಆ ಕೂಗನ್ನು ನಾನು ತಿಳಿಯಲಿಲ್ಲ. ‘ಕೆಟ್ಟಿದ್ದರೆ ದುರಸ್ತಿ ಮಾಡು, ಇಂದೇ ಮಾಡು’ ಎಂದು ತರುಣನನ್ನು ಅವಸರಪಡಿಸಿದೆ. ಡಿಸ್ಕಿನ ಸೂಚಿಯನ್ನು ಪರೀಕ್ಷಿಸಿ ತಿದ್ದುವ ಎಫ್‌ಎಸ್‌ಸಿಕೆ ಎಂಬ ಆಜ್ಞೆಯನ್ನು ಅವನು ಗ್ರಂಥಾಲಯದ ಕಡೆಯಿಂದ ಕೊಟ್ಟನು. ಆಗ ತರಗತಿಯ ವಿ.ಎಂ. ಅದೇ ಡಿಸ್ಕನ್ನು ಇನ್ನೂ ಹಿಡಿದುಕೊಂಡೇ ಇತ್ತು! ಇತ್ತ ಒಬ್ಬನು ಲೆಕ್ಕದ ಪುಸ್ತಕವನ್ನು ಕಷ್ಟಪಟ್ಟು ತಿದ್ದುತ್ತಿರಲು ಅತ್ತ ಇನ್ನೊಬ್ಬನು ತನ್ನ ನೆನಪಿನಲ್ಲಿದ್ದ ಹಳೆಯ ಲೆಕ್ಕವನ್ನು ಅದರ ಮೇಲೆಯೇ ಬರೆಯುತ್ತಿದ್ದನು. ಮೂರು ಕಡತಗಳಿಗಿದ್ದ ಕೇಡು ಅರ್ಧ ಗಂಟೆಯಲ್ಲಿ ಹತ್ತಾರು ಕಡತಗಳಿಗೆ ಹಬ್ಬಿತು. ಹೆಸರು ಕಳೆದುಕೊಂಡ ತುಣುಕುಗಳು ಬರಿಯ ಅಂಕೆಗಳನ್ನು ಹೊತ್ತು, ಪುಟಸಂಖ್ಯೆಯಿಲ್ಲದ ಓಲೆಗಳಂತೆ, ಒಂದು ಕೋಶದಲ್ಲಿ ರಾಶಿ ಬಿದ್ದವು.

ಆಗ ನೆನಪಾದವನು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ. ಪಾಂಡವಪುರ ತಾಲ್ಲೂಕಿನವನು, ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾನೆ. ದೂರವಾಣಿಯಲ್ಲಿ ನನ್ನ ಮಾತನ್ನೆಲ್ಲ ಕೇಳಿ, “ಮೇಷ್ಟ್ರೆ, ಈಗ ಏನನ್ನೂ ಮುಟ್ಬೇಡಿ. ಆ ಇನ್ನೊಂದು ವಿ.ಎಂ. ಆಫ್ ಆಗಿದ್ಯಾ ಇಲ್ವಾ, ಅಷ್ಟು ನೋಡಿ ಹೇಳಿ” ಎಂದನು. “ಇಲ್ಲಪ್ಪ, ನಡೀತಾನೇ ಇದೆ” ಎಂದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮೊದಲು ಅದನ್ನ ನಿಲ್ಸಿ. ಡಿಸ್ಕ್ ಕೆಟ್ಟಿಲ್ಲ ಮೇಷ್ಟ್ರೆ, ನಾವೇ ಕೆಡಿಸ್ತಾ ಇದೀವಿ” ಎಂದನು.

ಅವನು ಹೇಳಿಕೊಟ್ಟ ಕ್ರಮವನ್ನು ಕೇಳುತ್ತ ಹೋದಂತೆ ನನಗೆ ನಾಚಿಕೆಯಾಯಿತು, ಏಕೆಂದರೆ ಅದು ನಾನು ಗುರುಗಳ ಬಳಿ ಕಲಿತ ಗ್ರಂಥಸಂಪಾದನೆಯ ಕ್ರಮವೇ ಆಗಿತ್ತು. ಹಸ್ತಪ್ರತಿಯಲ್ಲಿ ಪಾಠ ಅಶುದ್ಧವೆಂದು ಕಂಡರೆ ಓಲೆಯ ಮೇಲೆ ಕಂಠವನ್ನು ಆಡಿಸಿ ತಿದ್ದುವವನು ಸಂಪಾದಕನಲ್ಲ. ಮೊದಲು ಇದ್ದುದನ್ನು ಇದ್ದಂತೆ ಪ್ರತಿ ಮಾಡಿಕೊಳ್ಳಬೇಕು, ಅಶುದ್ಧಿಯನ್ನೂ ಬಿಡದೆ; ಆ ಪ್ರತಿಯ ಮೇಲೆ ಊಹಾಪೋಹ ನಡೆಯಬೇಕು; ಮೂಲ ಮುಟ್ಟದೆ ಉಳಿಯಬೇಕು. ಓಲೆಯಲ್ಲಿ ಮಾಡದ ಅಪರಾಧವನ್ನು ಡಿಸ್ಕಿನಲ್ಲಿ ಮಾಡಿದ್ದೆ. ಕ್ರಮ ಇಷ್ಟೆ: ಆ ಡಿಸ್ಕನ್ನು ಹಿಡಿದಿರುವ ಯಂತ್ರಗಳನ್ನೆಲ್ಲ ಎಣಿಸಿ, ಎಲ್ಲವನ್ನೂ ಬಿಡಿಸುವುದು, ಡಿಸ್ಕನ್ನು ಅಕ್ಷರಶಃ ಬೇರೊಂದು ಡಿಸ್ಕಿಗೆ ಪ್ರತಿ ಮಾಡುವುದು, ಎಫ್‌ಎಸ್‌ಸಿಕೆಯನ್ನು ಆ ಪ್ರತಿಯ ಮೇಲೆ, ಮೊದಲು ತಿದ್ದುಪಡಿಯಿಲ್ಲದೆ ಬರಿಯ ವರದಿ ಮಾತ್ರ ಕೊಡುವಂತೆ ನಡೆಸುವುದು, ವರದಿಯನ್ನು ಓದಿದ ಮೇಲೆಯೇ ತಿದ್ದುವುದು. ರೋಗದ ಕಾರಣವನ್ನು ಕಂಡುಹಿಡಿಯುವುದಕ್ಕೆ ವೈದ್ಯರು ‘ನಿದಾನ’ ಎನ್ನುತ್ತಾರೆ, ಅಲ್ಪಪ್ರಾಣದಿಂದ. ಜನ ಅದನ್ನೇ ಮಹಾಪ್ರಾಣದಿಂದ ‘ನಿಧಾನ’ ಎಂದು ಬರೆದರೆ ನಾನು ಕೆಂಪು ಶಾಯಿ ಹಾಕುತ್ತಿದ್ದೆ. ಈಗ ಹಾಕುವಾಗ ಕೈ ಸ್ವಲ್ಪ ತಡೆಯುತ್ತದೆ.

ಹಾಗಾದರೆ ಎರಡು ಯಂತ್ರಗಳು ಒಂದು ಡಿಸ್ಕಿಗೆ ಎಂದೂ ಬರೆಯಲಾಗದೆ? ಬರೆಯಬಹುದು, ಒಪ್ಪಂದವನ್ನು ಪಾಲಿಸುವ ಕಡತವ್ಯವಸ್ಥೆಯಿದ್ದರೆ. ಲಿನಕ್ಸಿನಲ್ಲಿ ಓಸಿಎಫ್‌ಎಸ್2, ಜಿಎಫ್‌ಎಸ್2 ಎಂಬುವು ಇದಕ್ಕಾಗಿಯೇ ಇವೆ. ಎರಡೂ 2006ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿದವು. ವಿಎಂವೇರ್ ಸಂಸ್ಥೆಯ ವಿಎಂಎಫ್‌ಎಸ್ ಕೂಡ ಈ ಜಾತಿಯದು. ಇಂಥವುಗಳಲ್ಲಿ ಪ್ರತಿಯೊಂದು ಯಂತ್ರವೂ ಏನನ್ನಾದರೂ ಬದಲಿಸುವ ಮೊದಲು ಬೀಗವನ್ನು ಕೇಳಿ ಪಡೆಯಬೇಕು. ಕೆಲಸ ಮುಗಿದ ಮೇಲೆ ಬಿಡಬೇಕು.

ಈ ಬೀಗದ ವಿಚಾರ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾದುದೇ ಅಲ್ಲ. ಕನ್ನಂಬಾಡಿಯಿಂದ ಹೊರಟ, ಮೊದಲು ಇರ್ವಿನ್ ನಾಲೆಯೆಂದು ಹೆಸರಿದ್ದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಟ್ಟು ನೀರು ಪದ್ಧತಿ ನಡೆದ ವರ್ಷ ಯಾರ ಸರದಿ ಎಂದು ಮುಗಿಯಿತು, ಯಾರದು ಎಂದು ಮೊದಲಾಯಿತೆಂಬುದು ಪ್ರತಿ ಗದ್ದೆಯವನಿಗೂ ಬಾಯಿಪಾಠ. ತೂಬನ್ನು ಎತ್ತುವವನು ನೀರುಗಂಟಿ ಒಬ್ಬನೇ. ರಾತ್ರಿ ಹೊತ್ತು ಇಬ್ಬರು ತಮ್ಮ ತಮ್ಮ ಇಷ್ಟದಂತೆ ತೂಬಿಗೆ ಕೈ ಹಾಕಿದರೆ ಮೇಲಿನವನ ಗದ್ದೆ ಒಡೆದು ಕೆಳಗಿನವನ ಪೈರು ಒಣಗುತ್ತದೆ. ಕೊರತೆ ನೀರಿನದಲ್ಲ, ಸರದಿಯದು.

ಬೀಗವಿದ್ದಲ್ಲಿ ಬೀಗದ ತೊಂದರೆಯೂ ಇದ್ದೇ ಇರುತ್ತದೆ. ಬೀಗವನ್ನು ಹಿಡಿದ ಆತಿಥೇಯ ಯಂತ್ರ ಕೈಯಲ್ಲಿ ಅದನ್ನು ಹಿಡಿದುಕೊಂಡೇ ನಿಂತುಹೋದರೆ, ವಿ.ಎಂ.ಅನ್ನು ಪಕ್ಕದ ಯಂತ್ರದಲ್ಲಿ ಎಬ್ಬಿಸಹೊರಟಾಗ ‘ಕಡತ ಬೇರೆಯವರ ಬಳಿ ಬೀಗದಲ್ಲಿದೆ’ ಎಂಬ ಉತ್ತರ ಬರುತ್ತದೆ. ಇಂಥ ಸಂದರ್ಭಕ್ಕಾಗಿಯೇ ವಿಎಂಎಫ್‌ಎಸ್‌ನಲ್ಲಿ ಪ್ರತಿ ಆತಿಥೇಯ ಯಂತ್ರವೂ ಡಿಸ್ಕಿನಲ್ಲಿ ಕಾದಿರಿಸಿದ ಸ್ಥಳವೊಂದರಲ್ಲಿ ‘ನಾನು ಬದುಕಿದ್ದೇನೆ’ ಎಂಬ ಗುರುತನ್ನು ಮತ್ತೆ ಮತ್ತೆ ಬರೆಯುತ್ತಿರುತ್ತದೆ. ಆ ನಾಡಿ ನಿಂತರೆ ಬೀಗವನ್ನು ಇತರರು ತೆಗೆದುಕೊಳ್ಳಬಹುದು. ಡಿಸ್ಕಿಗೇ ಹಾಕುವ ಕಾಯ್ದಿರಿಸುವಿಕೆಯೆಂಬುದೊಂದಿದೆ. ಅದರಲ್ಲಿ ಯಂತ್ರಗಳು ತಮ್ಮ ತಮ್ಮ ಕೀಲಿಸಂಖ್ಯೆಯನ್ನು ನೋಂದಾಯಿಸಿರುತ್ತವೆ. ನೋಂದಾಯಿಸದವನು ಬರೆಯಹೋದರೆ ‘ಕಾಯ್ದಿರಿಸುವಿಕೆಯ ವಿರೋಧ’ವೆಂದು ಡಿಸ್ಕು ತಿರಸ್ಕರಿಸುತ್ತದೆ. ಈ ಮಾತು ದಾಖಲೆಯಲ್ಲಿ ಕಂಡಾಗ ‘ಬೀಗವನ್ನು ಒಡೆದುಬಿಡೋಣ’ ಎಂಬ ಆಸೆ ಬಲವಾಗಿ ಹುಟ್ಟುತ್ತದೆ. ಒಡೆಯುವ ಆಜ್ಞೆಯೂ ಸಿದ್ಧವಾಗಿಯೇ ಇದೆ. ಆದರೆ ಹಳೆಯ ಹಿಡಿತಗಾರನು ನಿಜವಾಗಿ ಸತ್ತಿದ್ದಾನೆಯೆ, ಅಥವಾ ತಂತಿ ಕಡಿದು ಮೌನವಾಗಿದ್ದಾನೆಯೆ? ಮೌನವಾಗಿದ್ದವನು ಮತ್ತೆ ಮಾತನಾಡಿದರೆ ಇಬ್ಬರು ಉಗ್ರಾಣಿಗಳ ಕಥೆ ಮರಳಿ ಮೊದಲಾಗುತ್ತದೆ.

ಆದ್ದರಿಂದಲೇ ಬಲ್ಲವರು ಬೀಗವನ್ನು ತೆಗೆಯುವ ಮೊದಲು ಸಂಶಯಾಸ್ಪದ ಯಂತ್ರದ ವಿದ್ಯುತ್ತನ್ನೇ ಕಡಿದುಹಾಕುತ್ತಾರೆ. ಇದಕ್ಕೆ ‘ಬೇಲಿ ಹಾಕುವುದು’ ಎಂದು ಅವರ ಪರಿಭಾಷೆ. ಕ್ರೂರವೆನಿಸಿದರೂ ಯುಕ್ತವಾದ ಕ್ರಮ. ಎರಡೇ ಯಂತ್ರಗಳಿದ್ದು ನಡುವಿನ ಸಂಪರ್ಕ ಕಡಿದರೆ, ಸತ್ತವನು ಇನ್ನೊಬ್ಬನೆಂದು ಇಬ್ಬರೂ ತಿಳಿದು ಇಬ್ಬರೂ ಒಡೆತನವನ್ನು ವಹಿಸಿಕೊಳ್ಳುವ ಅಪಾಯವಿರುವುದರಿಂದ, ಮೂರನೆಯದೊಂದು ಮತವನ್ನು, ಅದು ಒಂದು ಚಿಕ್ಕ ಸಾಕ್ಷಿ ಡಿಸ್ಕೇ ಆಗಲಿ, ಇಟ್ಟುಕೊಳ್ಳುತ್ತಾರೆ. ಬಹುಮತ ಯಾರ ಕಡೆಯೋ ಅವನು ಬರೆಯುತ್ತಾನೆ. ಉಳಿದವನು ತಾನಾಗಿ ನಿಲ್ಲುತ್ತಾನೆ.

ಎಲ್ಲ ತೊಂದರೆಗಳೂ ಒಡೆತನದಿಂದಲೇ ಬರುತ್ತವೆಂದು ನಾನು ಹೇಳುತ್ತಿಲ್ಲ. ದಾರಿಯಿಂದ ಬರುವ ತೊಂದರೆಗಳೂ ಹೇರಳ. ನಮ್ಮಲ್ಲಿರುವಂತೆ ಸಾಮಾನ್ಯ ಜಾಲದ ತಂತಿಯ ಮೇಲೆಯೇ ಡಿಸ್ಕಿನ ಆಜ್ಞೆಗಳನ್ನು ಸಾಗಿಸುವ ಐಸ್ಕಸಿ ಎಂಬ ಕ್ರಮದಲ್ಲಿ ಡಿಸ್ಕು ಕಾಣದಾದರೆ ಮೊದಲು ನೋಡಬೇಕಾದುದು ತಂತಿ, ಸ್ವಿಚ್ಚು, ಮತ್ತು 3260 ಎಂಬ ದ್ವಾರ ತೆರೆದಿದೆಯೆ ಎಂಬುದು. ಕರೆಂಟು ಹೋಗಿ ಬಂದ ಮೇಲೆ ನಮ್ಮ ವಿ.ಎಂ.ಗಳು ಏಳದೆ ಇದ್ದ ಒಂದು ದಿನ ಇಡೀ ಬೆಳಗನ್ನು ಕಳೆದೆವು. ಕಾರಣ ಸರಳ: ಆತಿಥೇಯ ಯಂತ್ರಗಳು ಎರಡು ನಿಮಿಷದಲ್ಲಿ ಎದ್ದವು, ಸಂಗ್ರಹ ಪೆಟ್ಟಿಗೆ ಆರು ನಿಮಿಷ ತೆಗೆದುಕೊಂಡಿತು; ಎದ್ದವರು ಉಗ್ರಾಣದ ಬಾಗಿಲು ಮುಚ್ಚಿರುವುದನ್ನು ಕಂಡು ಕೈಚೆಲ್ಲಿದರು. ಈಗ ಮೊದಲು ಸ್ವಿಚ್ಚು, ಆಮೇಲೆ ಪೆಟ್ಟಿಗೆ, ಆಮೇಲೆ ಆತಿಥೇಯ ಯಂತ್ರಗಳು, ಕಡೆಗೆ ವಿ.ಎಂ.ಗಳು ಎಂಬ ಅನುಕ್ರಮವನ್ನು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಆರಿಸುವಾಗ ಇದರ ವಿಲೋಮ.

ದಾರಿ ಪೂರ್ತಿ ಕಡಿದಾಗ ಯಂತ್ರ ಎರಡು ಬಗೆಯಲ್ಲಿ ತಿಳಿಯುತ್ತದೆ. ಡಿಸ್ಕು ಶಾಶ್ವತವಾಗಿ ಹೋಯಿತೆಂದು ಪೆಟ್ಟಿಗೆಯೇ ಹೇಳಿದರೆ ಒಂದು. ಪೆಟ್ಟಿಗೆಯಿಂದ ಯಾವ ಉತ್ತರವೂ ಬರದಿದ್ದರೆ ಇನ್ನೊಂದು. ಎರಡನೆಯದು ಕಷ್ಟತರ, ಏಕೆಂದರೆ ಬರುವನೋ ಬಾರನೋ ಎಂದು ಕಾಯಬೇಕಾಗುತ್ತದೆ. ವಿಎಂವೇರ್ ಯಂತ್ರಗಳು ಸಾಮಾನ್ಯವಾಗಿ 140 ಸೆಕೆಂಡು ಕಾದು ಬಳಿಕ ಆಸೆ ಬಿಡುತ್ತವೆ. ಒಳಗಿರುವ ಲಿನಕ್ಸ್ ಅಷ್ಟು ಸಹನೆಯದಲ್ಲ. ಒಂದು ಆಜ್ಞೆಗೆ ಅದು ಸಾಮಾನ್ಯವಾಗಿ ಕಾಯುವುದು 30 ಸೆಕೆಂಡು.

ಇನ್ನೊಂದು ಬಗೆಯನ್ನು ಹೇಳಲೇಬೇಕು, ಏಕೆಂದರೆ ಅದು ನಮ್ಮನ್ನು ಮೂರು ದಿನ ಮರುಳುಗೊಳಿಸಿತು. ಡಿಸ್ಕು ಕಾಣುತ್ತದೆ, ಹೆಸರುಗಳ ಪಟ್ಟಿ ಬರುತ್ತದೆ, ಚಿಕ್ಕ ಕಡತ ತೆರೆಯುತ್ತದೆ. ದೊಡ್ಡ ಕಡತವನ್ನು ಮುಟ್ಟಿದೊಡನೆ ಎಲ್ಲವೂ ಸ್ತಬ್ಧ. ಜಾಲದಲ್ಲಿ ಒಂದು ಬಾರಿಗೆ ಸಾಗುವ ಪೊಟ್ಟಣದ ಗಾತ್ರ ಸಾಮಾನ್ಯವಾಗಿ 1500 ಬೈಟು. ಡಿಸ್ಕಿನ ಜಾಲದಲ್ಲಿ ವೇಗಕ್ಕಾಗಿ ಅದನ್ನು 9000ಕ್ಕೆ ಏರಿಸುವುದುಂಟು. ಕೊಠಡಿಗೆ ಸುಣ್ಣ ಹೊಡೆಸಿದಾಗ ಹಳೆಯ ಸ್ವಿಚ್ಚನ್ನು ತೆಗೆದು ಬೇರೊಂದನ್ನು ಇಟ್ಟಿದ್ದರು. ಅದಕ್ಕೆ 9000 ಹೇಳಿಕೊಟ್ಟಿರಲಿಲ್ಲ. ಎರಡು ತುದಿಗಳೂ ದೊಡ್ಡ ಮೂಟೆಯನ್ನು ಕಳುಹಿಸುತ್ತಿದ್ದವು, ನಡುವಿನ ಬಾಗಿಲು ಚಿಕ್ಕದು. ಚಿಕ್ಕ ಪೊಟ್ಟಣದಿಂದ ಪರೀಕ್ಷಿಸಿದರೆ ಎಲ್ಲವೂ ಸರಿಯೆಂದೇ ಉತ್ತರ ಬರುತ್ತದೆ. ಒಡೆಯಬಾರದೆಂಬ ಕಟ್ಟಳೆಯೊಡನೆ 8972 ಬೈಟುಗಳ ಪೊಟ್ಟಣವನ್ನು ಕಳುಹಿಸಿ ನೋಡಬೇಕು. ಉಳಿದ 28 ಬೈಟು ಮೇಲ್ವಿಳಾಸಕ್ಕೆ ಹೋಗುತ್ತದೆ.

ಸಂಗ್ರಹ ತುಂಬುವುದರಿಂದ ಬರುವ ಕೇಡನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವಿ.ಎಂ.ಗಳಿಗೆ ದೊಡ್ಡ ಡಿಸ್ಕನ್ನು ಮಾತಿನಲ್ಲಿ ಕೊಟ್ಟು, ಬಳಸಿದಷ್ಟನ್ನು ಮಾತ್ರ ನಿಜವಾಗಿ ಅಳೆದು ಕೊಡುವ ಪದ್ಧತಿಯೊಂದಿದೆ. ಕನ್ನಂಬಾಡಿ ತುಂಬಿದರೆ 124.80 ಅಡಿ, ಸುಮಾರು 49 ಟಿ.ಎಂ.ಸಿ. ನೀರು, ಅದಕ್ಕೆ ಮೀರಿದ ಎಕರೆಗೆ ಆಶ್ವಾಸನೆ ಕೊಟ್ಟರೆ ಮಾಘಮಾಸದಲ್ಲಿ ಉತ್ತರ ಹೇಳಬೇಕಾಗುತ್ತದೆ. ಸಂಗ್ರಹದ ಒಟ್ಟು ತುಂಬಿದ ದಿನ ಒಂದಲ್ಲ, ಅದನ್ನು ಹಂಚಿಕೊಂಡ ವಿ.ಎಂ.ಗಳೆಲ್ಲ ಒಟ್ಟಿಗೆ ನಿಲ್ಲಬಹುದು. ಒಳಗಿನಿಂದ ನೋಡಿದರೆ ಅವಕ್ಕೆ ಜಾಗ ಬೇಕಾದಷ್ಟು ಇರುವಂತೆಯೇ ಕಾಣುತ್ತದೆ.

ಸ್ನ್ಯಾಪ್‌ಶಾಟ್ ಎಂಬುದನ್ನು ಪ್ರತಿಯೆಂದು ನಂಬಿ ನಿಶ್ಚಿಂತರಾದವರನ್ನು ನಾನು ಬಲ್ಲೆ, ನಾನೂ ಅವರಲ್ಲೊಬ್ಬ. ಅದು ಅದೇ ಡಿಸ್ಕಿನ ಮೇಲೆ ‘ಇಲ್ಲಿಯವರೆಗೆ’ ಎಂದು ಹಾಕಿದ ಗೆರೆ. ಓಲೆ ಸುಟ್ಟರೆ ಗೆರೆಯೂ ಸುಡುತ್ತದೆ. ಅದೂ ಅಲ್ಲದೆ, ಹಲವರು ಬರೆಯುವಂತೆ ತೆರೆದಿಟ್ಟ ಡಿಸ್ಕಿನ ಸ್ನ್ಯಾಪ್‌ಶಾಟನ್ನು ವಿಎಂವೇರ್ ವ್ಯವಸ್ಥೆ ತೆಗೆಯಲು ಒಪ್ಪುವುದೂ ಇಲ್ಲ.

ಈಗ ನಮ್ಮ ಕಥೆಯ ಶೇಷ. ಹಳೆಯ ವಿದ್ಯಾರ್ಥಿಯು ಎರಡು ಭಾನುವಾರ ಊರಿಗೆ ಬಂದು ಕುಳಿತು, ಪ್ರತಿಯ ಮೇಲೆ ಕೆಲಸ ಮಾಡಿ, ಅಂಕೆ ಹೊತ್ತ ತುಣುಕುಗಳನ್ನು ಒಂದೊಂದಾಗಿ ಕೇಳಿಸಿದನು. ಯಾವ ತುಣುಕು ಯಾವ ಸಂಧಿಯದೆಂದು ಪದ್ಯವನ್ನು ಗುರುತಿಸಿ ಹೇಳುವ ಕೆಲಸ ನನ್ನದಾಯಿತು. ಗಣಕ ಕೊಠಡಿಯಲ್ಲಿ ವಾರ್ಧಕ ಷಟ್ಪದಿಯ ಜ್ಞಾನಕ್ಕೆ ಬೆಲೆ ಬಂದ ದಿನಗಳು ಅವು. ಬಿಡಿ ಡಿಸ್ಕೊಂದರಲ್ಲಿದ್ದ ಹಳೆಯ ಅಪೂರ್ಣ ಪ್ರತಿಯಿಂದಲೂ ಕೆಲವು ದೊರೆತವು. 34ರಲ್ಲಿ 28 ಸಂಧಿಗಳು ಪೂರ್ಣವಾಗಿ ಉಳಿದವು. ಆರು ಹೋದವು: 9, 13, 14, 21, 27 ಮತ್ತು 30ನೆಯವು.

ಧ್ವನಿಮುದ್ರಣಗಳ ಡಿಸ್ಕಿಗೆ ಇಂದು ಗ್ರಂಥಾಲಯದ ವಿ.ಎಂ. ಒಂದೇ ಒಡೆಯ. ಪೆಟ್ಟಿಗೆಯ ಅನುಮತಿ ಪಟ್ಟಿಯಲ್ಲಿ ಒಂದೇ ಹೆಸರಿದೆ. ಎಂಎಂಪಿ ಕಾವಲನ್ನೂ ಹಾಕಿಸಿದೆ. ತರಗತಿಯ ವಿ.ಎಂ. ಬೇಕಾದುದನ್ನು ಅದರಿಂದ ಎನ್‌ಎಫ್‌ಎಸ್ ಮೂಲಕ ಕೇಳಿ ಪಡೆಯುತ್ತದೆ. ಸನ್ ಸಂಸ್ಥೆಯವರು 1984ರಷ್ಟು ಹಿಂದೆಯೇ ಹೊರತಂದ ಕ್ರಮವಿದು: ಓದುಗನು ಕಪಾಟಿಗೆ ಕೈ ಹಾಕದೆ ಗ್ರಂಥಪಾಲಕನನ್ನು ಕೇಳುತ್ತಾನೆ. ನಮಗೆ ಬೇಕಾಗಿದ್ದುದು ಮೊದಲಿನಿಂದಲೂ ಇಷ್ಟೇ ಆಗಿತ್ತು. ಪ್ರತಿಗಳು ಬೇರೆ ಬೇರೆ ಊರಿನಲ್ಲಿ ಎರಡಿವೆ. ತಿಂಗಳಿಗೊಮ್ಮೆ ಯಾವುದಾದರೊಂದು ಸಂಧಿಯನ್ನು ಪ್ರತಿಯಿಂದ ಮರಳಿ ತಂದು ಮೊದಲಿನಿಂದ ಕಡೆಯವರೆಗೆ ಕೇಳುತ್ತೇನೆ.

ಹೋದ ಆರರಲ್ಲಿ ಎರಡು ಮರಳಿ ಬಂದಿವೆ. ವಾಚನದ ದಿನ ಸಭೆಯಲ್ಲಿ ಕುಳಿತಿದ್ದ ಕೆ.ಆರ್. ಪೇಟೆಯ ಹಳೆಯ ವಿದ್ಯಾರ್ಥಿನಿಯೊಬ್ಬರು 13 ಮತ್ತು 14ನೆಯ ಸಂಧಿಗಳನ್ನು ತಮ್ಮ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ನಡುವೆ ಮಗುವಿನ ಅಳು ಕೇಳಿಸುತ್ತದೆ, ಚಿಂತೆಯಿಲ್ಲ. ಇನ್ನುಳಿದ 9, 21, 27, 30ನೆಯ ಸಂಧಿಗಳ ದಿನ ಸಭೆಗೆ ಬಂದಿದ್ದವರು ಯಾರ ಬಳಿಯಾದರೂ, ಹಳೆಯ ಮೊಬೈಲಿನಲ್ಲಾಗಲಿ ಮೆಮೊರಿ ಕಾರ್ಡಿನಲ್ಲಾಗಲಿ, ಒಂದು ಪದ್ಯವಾದರೂ ಇದ್ದರೆ ದಯಮಾಡಿ ಶಾಲೆಯ ಕಚೇರಿಗೆ ತಂದು ತೋರಿಸಬೇಕಾಗಿ ಕೋರುತ್ತೇನೆ. ಕಾರ್ಡನ್ನು ನಮಗೆ ಕೊಟ್ಟುಹೋಗಬೇಕಾದುದಿಲ್ಲ. ನಿಮ್ಮ ಎದುರಿಗೇ ಪ್ರತಿ ಮಾಡಿಕೊಂಡು ಮೂಲವನ್ನು ಆಗಲೇ ನಿಮ್ಮ ಕೈಗೆ ಒಪ್ಪಿಸುತ್ತೇವೆ.